ರಹಮತ್ ಓದಿದ ಐದನೇ ಸಾಲು

ಕೊರೋನಾ ಬರುವುದಕ್ಕೆ ಎರಡು ವರ್ಷ ಮೊದಲು ನಾನು ಮಳವಳ್ಳಿಯ ಒಂದು ಖಾಸಗಿ ಕಣ್ಣಿನ ಕ್ಲಿನಿಕ್ಕಿನಲ್ಲಿ ಸಹಾಯಕನಾಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ಗೋಡೆಯ ಚಾರ್ಟಿಗೆ ಕೋಲಿಟ್ಟು ಅಕ್ಷರ ಓದಿಸಿ, ರೋಗಿಗೆ ಎಷ್ಟನೇ ಸಾಲಿನವರೆಗೆ ಕಾಣುತ್ತದೆಂದು ಬರೆಯುವುದು ನನ್ನ ಕೆಲಸ. ಇದ್ದದ್ದು ಒಂದೇ ಕೋಣೆ. ಕಾಯುವವರೂ ಅಲ್ಲೇ ಬೆಂಚಿನ ಮೇಲೆ ಕೂರುತ್ತಿದ್ದರು. ಓದುವವರು ತಡವರಿಸಿದರೆ, "ಅದು ಠ ಕಣಮ್ಮ, ಸುನ್ನೆ ಒಳ್ಗೆ ಬೊಟ್ಟು ಮಡಗವ್ರೆ ನೋಡು" ಎಂದು ಹಿಂದಿನಿಂದ ಯಾರಾದರೂ ಹೇಳಿಕೊಡುತ್ತಿದ್ದರು. ನಾನೂ ನಗುತ್ತಿದ್ದೆ.

ಅಲ್ಲಿಗೆ ತೋರಿಸಲು ಬರುತ್ತಿದ್ದ ರಹಮತ್ ನನಗಿಂತ ಹತ್ತು ವರ್ಷ ಚಿಕ್ಕವನು. ಮದ್ದೂರಿನಲ್ಲಿ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವ ಕೆಲಸ. ಅವನ ಕಣ್ಣಿನ ಹಿಂಭಾಗದ ಬೆಳಕು ಹಿಡಿಯುವ ಪದರ, ಅಂದರೆ ರೆಟಿನಾ, ಹಾಳಾಗುತ್ತಿತ್ತು. ಎಡಗಣ್ಣು ಬಹಳ ಮಂದ. ಬಲಗಣ್ಣಿನಲ್ಲೇ ಕೆಲಸ ಸಾಗುತ್ತಿತ್ತು. ಹೊರಗಿನಿಂದ ಬಂದು ಹೋಗುತ್ತಿದ್ದ ಡಾಕ್ಟರೊಬ್ಬರು ಸ್ಟೆಮ್ ಸೆಲ್ ಇಂಜೆಕ್ಷನ್ ಹೇಳಿದರು. ಬೇರೆ ಬೇರೆ ಬಗೆಯ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲಕೋಶವೇ ಸ್ಟೆಮ್ ಸೆಲ್. ಅದನ್ನು ಹೊಟ್ಟೆಯ ಕೊಬ್ಬಿನಿಂದ ತೆಗೆದು ಕಣ್ಣಿಗೆ ಚುಚ್ಚಿದರೆ ರೆಟಿನಾ ಸರಿಹೋಗುತ್ತದೆ ಎಂದರು. ಆ ವಿಧಾನ ಸಾಬೀತಾಗಿಲ್ಲ ಎಂಬುದು ನನಗೆ ತಿಳಿದದ್ದು ಆಮೇಲೆ.

ಮೊದಲು ಎಡಗಣ್ಣಿಗೆ ಹಾಕಿದರು. ಗುಣ ಕಂಡರೆ ಮಾತ್ರ ಬಲಗಣ್ಣಿಗೆ ಎಂದು ಮಾತಾಗಿತ್ತು. ಆರು ವಾರದ ಮೇಲೆ ಬಲಗಣ್ಣು ಮುಚ್ಚಿಸಿ ಓದಿಸಿದೆ. ಎರಡನೇ ಸಾಲಿಗೇ ನಿಲ್ಲುತ್ತಿದ್ದವನು ಐದನೇ ಸಾಲನ್ನೂ ಗಡಗಡ ಓದಿದ.

"ನೋಡಣ್ಣೋ, ಬಂದ್ಬುಡ್ತು ಕಣ್ಣು!"

ಬೆಂಚಿನವರು ಚಪ್ಪಾಳೆ ತಟ್ಟಿದರು. ಆದರೆ ನನ್ನ ಕೋಲು ಇನ್ನೂ ನಾಲ್ಕನೇ ಸಾಲಿನಲ್ಲೇ ಇತ್ತು. ಅದು ನನಗೆ ಗೊತ್ತಾಯಿತು. ಕಾಣಿಸಿಯೇ ಮುಂದೆ ಓದಿದನೇನೋ ಎಂದೂ ಅನ್ನಿಸಿತು. ಸಾಲನ್ನು ಬಲದಿಂದ ಎಡಕ್ಕೆ ಓದಿಸಿದ್ದರೆ, ಕಂಡು ಓದಿದ್ದೋ ಬಾಯಿಪಾಠವೋ ಎಂದು ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು. ಯಾಕೆ ಓದಿಸಲಿಲ್ಲವೋ! 'ಐದನೇ ಸಾಲು' ಎಂದು ಬರೆದೆ.

ಆ ಚೀಟಿ ನೋಡಿಯೇ ಬಲಗಣ್ಣಿಗೂ ಚುಚ್ಚಿದರು. ತಿಂಗಳೊಳಗೆ ಆ ಕಣ್ಣಿನ ರೆಟಿನಾ ಕಳಚಿಕೊಂಡಿತು. ಬೆಂಗಳೂರಿನಲ್ಲಿ ಆಪರೇಷನ್ ಆದರೂ ದೃಷ್ಟಿ ಮರಳಲಿಲ್ಲ.

ಕೆಲಸ ಬಿಟ್ಟು ಎಷ್ಟೋ ದಿನವಾದ ಮೇಲೆ, ಹೋದ ವರ್ಷ ಮದ್ದೂರಿಗೆ ಹೋಗಿ ರಹಮತ್‌ಗೆ ಎಲ್ಲ ಹೇಳಿದೆ. ಅವನು ಬೈಯಲಿಲ್ಲ.

"ನಂಗೂ ಗೊತ್ತಿತ್ತು ಕಣಣ್ಣ. ಬೆಂಚಲ್ ಕೂತು ಕೇಳಿ ಕೇಳಿ ಬಾಯ್ಪಾಟ ಆಗೋಗಿತ್ತು."

"ಗೊತ್ತಿದ್ದೂ ಬಲಗಣ್ಣು ಯಾಕಪ್ಪ ಕೊಟ್ಟೆ?"

"ನೀನು ಬರ್ಕೊಂಡ್ಯಲ್ಲಣ್ಣ. ನೀನು ಬರ್ಕೊಂಡ್ ಮ್ಯಾಕೆ ನಂಗೇ ಕಂಡಂಗಾಯ್ತು."

ಯಾರು ಯಾರನ್ನು ನಂಬಿ ಕೆಟ್ಟೆವೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ಕೆಲಸ ಕಲಿಸಿದ್ದು ಇಷ್ಟು: ರೋಗಿಗೆ ಆಸೆ ಇರುತ್ತದೆ, ಅಳೆಯಲು ನಿಂತವನಿಗೆ ಇರಬಾರದು. ಅವತ್ತು ನನಗೂ ಇತ್ತು.