ಸೋಪಿನ ಹತ್ತಿರದ ಇರುವೆ

ಬಲಗೈ ಹೆಬ್ಬೆರಳ ಉಗುರನ್ನು ಅವರು ಉದ್ದಕ್ಕೆ ಬೆಳೆಸಿದ್ದರು. ಅಂದಕ್ಕಲ್ಲ, ಇರುವೆ ಹತ್ತಿಸಿಕೊಳ್ಳಲು. ಅದು ಉಗುರಿನ ಮೇಲೆ ಓಡಾಡುವಾಗ ಎಡಗೈಯಲ್ಲಿ ಭೂತಗನ್ನಡಿ ಹಿಡಿದು, "ಸೊಂಟ ನೋಡು. ಗಂಟು ಒಂದಾ, ಎರಡಾ?" ಎಂದು ಕೇಳುತ್ತಿದ್ದರು. ಹೊಸನಗರದ ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದ ಮೇಡಂ ಅವರು. ನಿವೃತ್ತರಾದ ಮೇಲೆ ನಮ್ಮ ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದರು.

ಮನೆಯಲ್ಲಿ ಇರುವೆ ಎಂದು ಯಾರಾದರೂ ದೂರಿದರೆ ರೇಗುತ್ತಿದ್ದರು. "ಮನೆಗೆ ನೆಂಟ್ರು ಬಂದ್ರೆ ಮನುಷ್ಯ ಬಂದ ಅಂತೀಯೇನೇ? ಯಾವ ಇರುವೆ, ಎಲ್ಲಿತ್ತು, ಎಂತಕ್ಕೆ ಬಂತು, ಅದ್ನ ಹೇಳು ಮಾರಾಯ್ತಿ."

ಒಮ್ಮೆ ನಮ್ಮ ಬಾಗಿಲ ಚೌಕಟ್ಟಿನಿಂದ ಮರದ ಪುಡಿ ಉದುರತೊಡಗಿತು. ಗೆದ್ದಲು ಎಂದುಕೊಂಡು ಅಪ್ಪ ಸೀಮೆಎಣ್ಣೆ ಹೊಯ್ಯಲು ಹೊರಟರು. ಮೇಡಂ ಬಂದು ಪುಡಿ ಕೆದಕಿ, ದಪ್ಪ ಕರಿ ಗೊದ್ದ ಇರುವೆಯೊಂದನ್ನು ಉಗುರಿಗೆ ಹತ್ತಿಸಿಕೊಂಡರು.

"ಗೊದ್ದ ಮರ ತಿನ್ನಲ್ಲ. ಒದ್ದೆ ಮರ ಕೊರ್ದು ಗೂಡು ಮಾಡುತ್ತೆ. ಮೇಲೆ ಎಲ್ಲೋ ಸೋರ್ತಿದೆ, ಹತ್ತಿ ನೋಡಿ."

ಅಪ್ಪ ಹತ್ತಿ ನೋಡಿದರೆ ಹೆಂಚು ಒಡೆದಿತ್ತು.

ಅಂಥವರ ಕಣ್ಣಿಗೇ ಪೊರೆ ಬಂತು. ಮಳೆಗಾಲ ಕಳೆಯಲಿ ಎಂದು ಆಪರೇಷನ್ ಮುಂದಕ್ಕೆ ಹಾಕಿದರು. ಒಂದು ಬೆಳಿಗ್ಗೆ ನನ್ನನ್ನು ಕರೆದು, "ಬಚ್ಚಲಲ್ಲಿ ಕಾಲಿಗೆ ಇರುವೆ ಹತ್ತುತ್ವೆ. ಸಾಲು ಎಲ್ಲಿಗೆ ಹೋಗಿದೆ ನೋಡೇ" ಎಂದರು. ನನಗೆ ಸಾಗರದ ಬಸ್ಸಿಗೆ ಹೊತ್ತಾಗಿತ್ತು. ಬಾಗಿಲಲ್ಲೇ ನಿಂತು ಇಣುಕಿದೆ. ಕತ್ತಲಲ್ಲಿ ಏನೂ ಕಾಣಲಿಲ್ಲ.

"ಸಣ್ಣ ಕೆಂಪಿರುವೆ, ಮೇಡಂ. ಸೋಪಿಗೆ ಬಂದಿದಾವೆ."

"ನೀರು ಹೋಗೋ ತೂಬಿನ ಹತ್ರ ಇಲ್ವಾ? ಸರಿಯಾಗಿ ನೋಡಿದ್ಯಾ?"

"ನೋಡ್ದೆ" ಎಂದೆ. ಅವರು ನಂಬಿದರು.

ಎರಡು ತಿಂಗಳಲ್ಲಿ ಅವರ ಹಿಮ್ಮಡಿಯಲ್ಲಿ ಹುಣ್ಣಾಗಿ ಅದು ಕಪ್ಪಾಯಿತು. ಅಲ್ಲಿಯವರೆಗೆ ಗೊತ್ತೇ ಇರದ ಸಕ್ಕರೆ ಕಾಯಿಲೆ ಮಿತಿಮೀರಿದೆ ಎಂದು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿಕೊಂಡರು. ಅವರ ಬಟ್ಟೆ ಒಯ್ಯಲು ಅದೇ ಸಂಜೆ ಮನೆಗೆ ಬಂದವಳು ಬಚ್ಚಲಿನ ಲೈಟು ಹಾಕಿದೆ. ಸೋಪಿನ ಮೇಲೆ ಒಂದು ಇರುವೆಯೂ ಇರಲಿಲ್ಲ. ಸಾಲೆಲ್ಲ ತೂಬಿನ ಅಂಚಿಗೆ ಮುತ್ತಿತ್ತು. ಮೂತ್ರಕ್ಕೆ ಇರುವೆ ಮುತ್ತಿದರೆ ಸಕ್ಕರೆ ಕಾಯಿಲೆ ಇರಬಹುದು ಎಂದು ಒಂಬತ್ತನೇ ಕ್ಲಾಸಿನಲ್ಲಿ ನಮಗೆ ಹೇಳಿಕೊಟ್ಟವರೇ ಅವರು.

ಕಾಲು ತೆಗೆದ ಮೇಲೆ ನನ್ನ ಕೈ ಹಿಡಿದುಕೊಂಡರು. ಆ ಉಗುರನ್ನು ಆಸ್ಪತ್ರೆಯಲ್ಲಿ ಕತ್ತರಿಸಿದ್ದರು.

"ಅವತ್ತು ಇರುವೆ ಸೋಪಿನ ಹತ್ರಾನೇ ಇದ್ವಾ?"

ನಿಜ ಹೇಳುವ ಧೈರ್ಯ ಬರಲಿಲ್ಲ. "ಹೌದು, ಮೇಡಂ."

"ಹಾಗಾದ್ರೆ ನಂಗೆ ಗೊತ್ತಾಗೋಕೆ ದಾರಿನೇ ಇರ್ಲಿಲ್ಲ, ಬಿಡು" ಎಂದು ಕಣ್ಣು ಮುಚ್ಚಿದರು. ನಾಲ್ಕನೇ ದಿನ ಹೋಗಿಬಿಟ್ಟರು.

ಅವರ ಸಮಾಧಾನಕ್ಕೆ ಹಾಗೆ ಹೇಳಿದೆ ಎಂದುಕೊಳ್ಳಲು ನೋಡುತ್ತೇನೆ, ಆಗುವುದಿಲ್ಲ. ನನ್ನ ಮಾನ ಉಳಿಸಿಕೊಳ್ಳಲು ಹೇಳಿದ್ದು ಅದು. ಈಗ ಇರುವೆ ಕಂಡಲ್ಲಿ, ಬಸ್ಸು ತಪ್ಪಿದರೂ ಸರಿ, ಕುಕ್ಕರಗಾಲಲ್ಲಿ ಕೂತು ಸೊಂಟದ ಗಂಟು ನೋಡುತ್ತೇನೆ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಕೆಟ್ಟದ್ದು ಅವರಿಗೆ, ಬುದ್ಧಿ ಬಂದದ್ದು ನನಗೆ.