ಪೆಕಾನ್ ಮರದಿಂದ ನಾನು ಕಿತ್ತದ್ದು

ಹೊಳೆಯ ದಂಡೆಯ ಪೆಕಾನ್ ಮರದಲ್ಲಿ, ನನ್ನ ತಲೆಗಿಂತ ಬಹಳ ಮೇಲೆ, ಕೊಂಬೆಗಳ ಸಂದಿಯಲ್ಲಿ ಒಣಹುಲ್ಲು, ತುಂಡು ಬೇಲಿತಂತಿ, ಒಡೆದ ನೀಲಿ ಡ್ರಮ್ಮಿನ ಒಂದು ಚೂರು ಸಿಕ್ಕಿಕೊಂಡಿದ್ದವು. ಅವನ್ನು ಕಿತ್ತು ಹಾಕಿದವಳು ನಾನು. ಅವು ಅಲ್ಲಿಗೆ ಹೇಗೆ ಬಂದವೆಂದು ನನಗೆ ಗೊತ್ತಿತ್ತು — ಎಂದೋ ಒಮ್ಮೆ ಹೊಳೆ ಅಷ್ಟೆತ್ತರಕ್ಕೆ ಏರಿತ್ತು. ಗೊತ್ತಿದ್ದೂ ಕಿತ್ತೆ. ಆಮೇಲೆ, ನನ್ನನ್ನು ನಂಬಿದವರಿಗೆ, ಇಲ್ಲಿ ಮನೆ ಕಟ್ಟಬಹುದು ಎಂದು ಹೇಳಿದೆ.

ಇಷ್ಟನ್ನು ಬರೆಯಲು ವರ್ಷಗಳೇ ಹಿಡಿದವು.

ನನ್ನ ಹೆಸರು ಅನುಪಮಾ. ಹ್ಯೂಸ್ಟನ್ನಿನ ಹೊರವಲಯದ ಸೈಪ್ರೆಸ್‌ನಲ್ಲಿ ನಮ್ಮ ಮನೆ. ಹೊಸದಾಗಿ ಏಳುವ ಬಡಾವಣೆಗಳಲ್ಲಿ ಮಳೆ ಬಿದ್ದರೆ ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಉದ್ಯೋಗ. ಆದ್ದರಿಂದ 'ಗೊತ್ತಾಗಲಿಲ್ಲ' ಎಂಬ ಮಾತು ನನ್ನ ಬಾಯಲ್ಲಿ ಸಲ್ಲುವುದಿಲ್ಲ. ಗೊತ್ತಾಗುವುದಕ್ಕೇ ನನಗೆ ಸಂಬಳ.

ನಮ್ಮ ಬೀದಿಯಲ್ಲಿ ಗ್ಯಾರೇಜ್ ಬಾಗಿಲು ಮೇಲೆ ಹೋಗುವುದು, ಕೆಳಗೆ ಬರುವುದು — ನೆರೆಹೊರೆ ಎಂದರೆ ಅಷ್ಟೇ. ನನಗೂ ನನ್ನ ಗಂಡ ಸುಧೀರನಿಗೂ ಮಕ್ಕಳಿಲ್ಲ. ಜ್ವರ ಬಂದು ಇಬ್ಬರೂ ಮಲಗಿದಾಗ ಗಂಜಿ ಕಾಯಿಸಿ ಕೊಡುವವರಿಲ್ಲದೆ ಆ್ಯಪ್‌ನಲ್ಲಿ ಊಟ ತರಿಸಿ, ಬಾಗಿಲಲ್ಲಿಟ್ಟು ಹೋದವನ ಮುಖ ಕೂಡ ನೋಡಿರಲಿಲ್ಲ. ಅಂಥ ದಿನಗಳಲ್ಲೇ ಡಾಲಸ್ಸಿನ ಒಂದು ಯುಗಾದಿ ಊಟದಲ್ಲಿ ಗುರುಬಸಪ್ಪ ಅಂಕಲ್ ಪರಿಚಯವಾದರು. ಗದಗದ ಕಡೆಯವರು. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಡಾಲಸ್ ಪಕ್ಕದ ಸೌತ್‌ಲೇಕ್‌ನಲ್ಲಿ ಮಗನ ಜೊತೆಗಿದ್ದರು. ಹಿತ್ತಿಲಲ್ಲಿ ಜೇನುಪೆಟ್ಟಿಗೆ ಇಟ್ಟು, ಅಕ್ಕಪಕ್ಕದವರ ದೂರಿಗೆ ತೆಗೆದಿದ್ದರು. ಪೆಟ್ಟಿಗೆ ಹೋದರೂ ಅವರ ಮಾತಿನಿಂದ ಹುಳ ಹೋಗಿರಲಿಲ್ಲ.

ಹ್ಯೂಸ್ಟನ್, ಡಾಲಸ್, ಆಸ್ಟಿನ್ ಮೂರೂ ಊರುಗಳ ಕೆಲವು ಕುಟುಂಬಗಳು ಸೇರಿ, ಒಂದು ನೆಲ ಹಿಡಿದು, ಚಿಕ್ಕ ಚಿಕ್ಕ ಮನೆ ಕಟ್ಟಿಕೊಂಡು, ಒಂದೇ ಅಡುಗೆಮನೆ ಒಂದೇ ತೋಟ ಇಟ್ಟುಕೊಂಡು ಬಾಳುವುದು ಅವರ ಕನಸು. ಅಧ್ಯಕ್ಷರಿಲ್ಲ, ಕಮಿಟಿಯಿಲ್ಲ. ಯಾವ ಕೆಲಸ ಯಾರ ಕೈಗೆ ಹತ್ತಿರವೋ ಅವರು ಮಾಡುವುದು. ಆಸ್ಟಿನ್ನಿನ ಆಶಾ, ಅಲ್ಲಿನ ಕಚೇರಿ ಬಡಾವಣೆ ದ ಡೊಮೇನ್‌ನ ಒಂದು ಕಂಪನಿಯಲ್ಲಿ ಕೆಲಸ ಮಾಡಿಕೊಂಡು ಒಬ್ಬಳೇ ಮಗಳನ್ನು ಬೆಳೆಸುತ್ತಿದ್ದವಳು, ಮೊದಲ ದಿನವೇ ಕೇಳಿದ್ದಳು: "ಅಂಕಲ್, ಯಾರಾದ್ರೂ ಒಬ್ರು ಹೇಳೋರು ಬೇಡ್ವಾ? ಜೇನಲ್ಲೂ ರಾಣಿ ಇದ್ದಾಳಲ್ಲ?"

"ರಾಣಿ ಹುಳಾ ಹುಕುಂ ಕೊಡತದ ಅಂತ ತಿಳಕೊಂಡೀಯೇನವಾ? ಇಲ್ಲ," ಎಂದರು ಅಂಕಲ್. "ಹೊಸ ಮನಿ ಹುಡುಕೂ ಹೊತ್ತಿಗೆ ಸಾದಾ ಹುಳಾ ಹೋಗಿ ನೋಡಿ ಬರ್ತಾವ. ಬಂದು ಕುಣದು ಹೇಳ್ತಾವ. ಉಳಿದ ಹುಳಾ ಸುಮ್ನ ತಲಿ ಆಡಸಂಗಿಲ್ಲ, ತಾವೂ ಹೋಗಿ ನೋಡ್ತಾವ. ಬಾಳ ಹುಳಾ ಒಂದ ಜಾಗಾ ಒಪ್ಪಿದ ಮ್ಯಾಲೆ ಎಲ್ಲಾ ಕೂಡಿ ಹಾರತಾವ."

"ಯಾವುದಾದ್ರೂ ಹುಳ ಸುಳ್ಳು ಹೇಳಿದ್ರೆ?" ಆಶಾ ನಗುತ್ತ ಕೇಳಿದಳು.

"ಹುಳಾ ಸುಳ್ಳು ಹೇಳಂಗಿಲ್ಲ. ಅದಕ್ಕ ಇದು ನಡೀತದ."

ನಾವು ಹಾಗೆಯೇ ಹುಡುಕಿದೆವು. ಯಾರಿಗೆ ಯಾವ ಜಾಗ ಕಂಡಿತೋ ಅವರು ಹೋಗಿ ನೋಡಿ ಬಂದು ಹೇಳುವರು; ಉಳಿದವರು ಹೋಗಿ ತಾವೇ ನೋಡುವರು. ಒಂದು ಕಡೆ ಬಾವಿಯ ನೀರು ಉಪ್ಪು, ಇನ್ನೊಂದು ಕಡೆ ಬರೀ ಕಲ್ಲು. ಹಲವು ಜಾಗ ಬಿಟ್ಟ ಮೇಲೆ ಕೆಲವರು ಬೇಸತ್ತು, ಇದೆಲ್ಲ ಆಗುವ ಹೋಗುವ ಮಾತಲ್ಲ ಎನ್ನತೊಡಗಿದ್ದರು. ಆಗ ನನಗೆ ಆ ಜಾಗ ಸಿಕ್ಕಿತು. ಆಸ್ಟಿನ್ನಿನಿಂದ ಪಶ್ಚಿಮಕ್ಕೆ, ಗುಡ್ಡಗಳ ನಡುವೆ, ಪುಟ್ಟ ಹೊಳೆಯ ದಂಡೆ. ಸುಧೀರ್ ಶೂ ಬಿಚ್ಚಿ ನೀರಿಗಿಳಿದು, "ಇಲ್ಲೇ ಇದ್ಬಿಡೋಣ ಕಣೇ," ಎಂದ. ಅಲ್ಲಿಂದಲೇ ಎಲ್ಲರಿಗೂ ಫೋನ್ ಮಾಡಿದೆ. ಸಿಕ್ಕಿತು, ಸಿಕ್ಕಿತು ಎಂದು ಕಿರುಚಿದೆ.

ಮುಂದಿನ ವಾರ ಅಳತೆ ನೋಡಲು ಒಬ್ಬಳೇ ಹೋದೆ. ಅಷ್ಟರಲ್ಲಿ ಪೆಕಾನ್ ಮರದ ಎಲೆ ಉದುರಿತ್ತು. ತಲೆಯೆತ್ತಿದಾಗ — ಆ ನೀಲಿ ಚೂರು.

ಹೊಳೆ ನನ್ನ ಕಾಲ ಬಳಿ ಪಾದ ಮುಳುಗದಷ್ಟು ತೆಳ್ಳಗೆ ಹರಿಯುತ್ತಿತ್ತು. ಅದರ ಹಿಂದಿನ ಪ್ರವಾಹದ ಗುರುತು ನನ್ನ ತಲೆಯ ಮೇಲಿತ್ತು. ಆಗ ಮಾಡಬೇಕಾದದ್ದು ಒಂದೇ: ಫೋನ್ ತೆಗೆದು, ಈ ಜಾಗ ಬೇಡ, ನನ್ನ ಕಣ್ಣು ತಪ್ಪಿತ್ತು ಎಂದು ಹೇಳುವುದು. ಫೋನ್ ತೆಗೆದೆ ಕೂಡ. ಆದರೆ ಹೇಳಿಯಾಗಿತ್ತಲ್ಲ — ನೀರಿನ ಇಂಜಿನಿಯರು ನೀರಿನ ಗುರುತನ್ನೇ ನೋಡದೆ ಕುಣಿದಿದ್ದಳು ಎಂದು ಎಲ್ಲರೂ... ಸುಧೀರನ ಮುಖ... ಇನ್ನೊಂದು ಸಲ ಇಲ್ಲ ಎಂದರೆ ಗುಂಪೇ ಒಡೆಯುತ್ತದೆ ಎಂದುಕೊಂಡೆ. ಯೋಚಿಸಿದ್ದೆಲ್ಲ ಇಲ್ಲಿದೆ. ಇದರಲ್ಲಿ ಒಂದೂ ಕಾರಣವಲ್ಲ.

ಕಾರಿನಿಂದ ಉದ್ದದ ಅಳತೆಕೋಲು ತಂದು, ಬಂಡೆಯ ಮೇಲೆ ನಿಂತು, ಅದನ್ನೆಲ್ಲ ಎಳೆದು ಬೀಳಿಸಿದೆ. ಹುಲ್ಲನ್ನು ಹೊಳೆಗೆ ಬಿಟ್ಟೆ. ಡ್ರಮ್ಮಿನ ಚೂರು, ತಂತಿ ಎರಡನ್ನೂ ಕಾರಿನಲ್ಲಿಟ್ಟು, ದಾರಿಯ ಒಂದು ಗ್ಯಾಸ್ ಸ್ಟೇಷನ್ನಿನ ಹಿಂದಿನ ಕಸದ ತೊಟ್ಟಿಗೆ ಎಸೆದೆ. ಯಾರೋ ನೋಡುತ್ತಿದ್ದಾರೆ ಎನ್ನಿಸಿ ತಿರುಗಿ ತಿರುಗಿ ನೋಡಿದೆ. ಯಾರೂ ನೋಡುತ್ತಿರಲಿಲ್ಲ.

ಶನಿವಾರ ಎಲ್ಲರೂ ಬಂದರು. ನಿಯಮದಂತೆ ಅವರವರೇ ಸುತ್ತಾಡಿ ನೋಡಿದರು — ಮಣ್ಣು, ಬಾವಿ, ದಾರಿ, ಬಿಸಿಲು. ಆಶಾ ಮಾತ್ರ ದಂಡೆಯ ಮೇಲೆ ನಿಂತು ಕೇಳಿದಳು: "ಅಕ್ಕಾ, ಹೊಳೆ ಇಷ್ಟು ಹತ್ರ ಇದೆ. ನೀರು ಮೇಲೆ ಬರಲ್ವಾ?"

"ಬರಲ್ಲ," ಎಂದೆ. "ನಾನು ನೋಡಿದ್ದೀನಿ."

ಅವಳು ನಿಶ್ಚಿಂತಳಾಗಿ ತಲೆಯಾಡಿಸಿದಳು. ಆ ತಲೆಯಾಡಿಸಿದ್ದು ನನ್ನ ಕಣ್ಣಿನಿಂದ ಇಂದಿಗೂ ಹೋಗಿಲ್ಲ.

ಮನೆಗಳು ಎದ್ದವು. ನೋಟ ಚೆನ್ನಾಗಿರುತ್ತದೆ ಎಂದು ನೆಪ ಹೇಳಿ, ಕಟ್ಟುವ ಮೊದಲೇ ಅವನ್ನು ದಿಬ್ಬದ ಕಡೆಗೆ ಸರಿಸಿದ್ದೆ. ಅಡುಗೆಮನೆಯನ್ನು ಸುಧೀರ್ ತಾನೇ ನಿಂತು ಕಟ್ಟಿದ. ಹೊಳೆ ಕಾಣಬೇಕೆಂದು ಕೆಳಗೇ ಕಟ್ಟಿದ. ನಾನು ಬಾಯಿ ಬಿಡಲಿಲ್ಲ. ಅಂಕಲ್ ಅಲ್ಲಿಗೇ ಬಂದು ನೆಲೆಸಿ, ಹುಳಕ್ಕೆ ನೀರು ಹತ್ತಿರವಿರಲಿ ಎಂದು ಪೆಟ್ಟಿಗೆಗಳನ್ನು ದಂಡೆಯಲ್ಲೇ ಇಟ್ಟರು. ಉಳಿದವರು ವಾರಾಂತ್ಯಕ್ಕೆ ಡ್ರೈವ್ ಮಾಡಿಕೊಂಡು ಬರುತ್ತಿದ್ದೆವು. ಎಲ್ಲರಿಗೂ ಒಂದೇ ಗ್ರೈಂಡರ್. ಯಾರು ಮೊದಲು ಎದ್ದರೆ ಅವರು ರುಬ್ಬುವುದು. ಯಾರೂ ಯಾರಿಗೂ ಆಜ್ಞೆ ಮಾಡದೆ ಕೆಲಸಗಳು ನಡೆಯುತ್ತಿದ್ದವು. ಒಬ್ಬರಿಗೆ ಬೆನ್ನು ಹಿಡಿದುಕೊಂಡರೆ, ಹೇಳುವ ಮೊದಲೇ ಇನ್ನೊಬ್ಬರು ಅವರ ಪಾತಿಗೆ ನೀರು ಹಾಕಿರುತ್ತಿದ್ದರು. ನಿಜಕ್ಕೂ ನಡೆಯುತ್ತಿತ್ತು! ನನ್ನ ಜೀವನದ ಅತ್ಯಂತ ಸುಖದ ಕಾಲ ಅದು. ಅತ್ಯಂತ ಭಯದ್ದೂ ಅದೇ. ಗುಡ್ಡದಾಚೆ ಮೋಡ ಕಂಡರೆ ಹೋಗಿ ಹೊಳೆಯ ನೀರು ನೋಡಿ ಬರುತ್ತಿದ್ದೆ. ಸೈಪ್ರೆಸ್‌ನಲ್ಲಿ ಮಲಗಿದ್ದರೂ ಅಲ್ಲಿನ ಮಳೆಯನ್ನು ಫೋನಿನಲ್ಲಿ ನೋಡುತ್ತಿದ್ದೆ. "ಏನೇ ಅದು, ಸದಾ ವೆದರ್ ನೋಡ್ತೀಯ?" ಎಂದು ಸುಧೀರ್ ಕೇಳಿದರೆ, ಟೊಮೇಟೊ ಗಿಡಕ್ಕೆ ಎನ್ನುತ್ತಿದ್ದೆ.

ಆ ಬೆಳಿಗ್ಗೆ ನಮ್ಮಲ್ಲಿ ಬಿಸಿಲಿತ್ತು. ಹಿಂದಿನ ರಾತ್ರಿ ಮೇಲಿನ ಗುಡ್ಡಗಳಲ್ಲಿ ಜೋರು ಮಳೆಯಾಗಿತ್ತೆಂದು ಆಮೇಲೆ ತಿಳಿಯಿತು. ನಾನು ಅಡುಗೆಮನೆಯಲ್ಲಿ ದೋಸೆಗೆ ರುಬ್ಬುತ್ತಿದ್ದೆ. ಆಶಾಳ ಮಗಳು ತಾರಾ, ಆಗಿನ್ನೂ ಏಳರ ಹುಡುಗಿ, ಅಂಕಲ್ ಜೊತೆ ಹುಳ ನೋಡಲು ದಂಡೆಗೆ ಹೋಗಿದ್ದಳು. ಗ್ರೈಂಡರ್ ಆಫ್ ಮಾಡಿದೆ. ಆದರೂ ಗುಡುಗುಡು ಸದ್ದು ನಿಲ್ಲಲಿಲ್ಲ.

ಆ ಸದ್ದು ಏನೆಂದು ತಿಳಿಯಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ನಾನು ಅದಕ್ಕಾಗಿಯೇ ಕಾಯುತ್ತಿದ್ದವಳಲ್ಲವೇ? ಹೊರಗೋಡಿ, ಮೇಲೆ ಬನ್ನಿ, ಮೇಲೆ ಬನ್ನಿ ಎಂದು ಚೀರಿದೆ. ತಿರುವಿನಿಂದ ಕಂದು ನೀರು ಮರದ ದಿಮ್ಮಿಗಳನ್ನು ಉರುಳಿಸಿಕೊಂಡು ಗೋಡೆಯ ಹಾಗೆ ಬಂತು. ಅಂಕಲ್ ತಾರಾಳನ್ನು ಎತ್ತಿ ಹತ್ತಿರದ ಮರದ ಕವಲಿಗೆ ಏರಿಸಿದರು. ತಾವು ಏರಲು ಆಗಲಿಲ್ಲ. ಬುಡವನ್ನು ಅಪ್ಪಿ ನಿಂತರು. ನೀರು ಅವರ ಎದೆಗೆ ಬಂತು. ಒಂದು ದಿಮ್ಮಿ ಬಂದು ಅವರ ಕಾಲನ್ನು ಮರಕ್ಕೆ ಒತ್ತಿ ಹಿಡಿದದ್ದನ್ನು ನಾನು ನೋಡಿದೆ. ಅವರು ಕೂಗಲಿಲ್ಲ, ಒಂದು ಕೈಯಿಂದ ತಾರಾಳ ಪಾದ ಹಿಡಿದುಕೊಂಡೇ ಇದ್ದರು. ಆಶಾ ನೀರಿಗೆ ಹಾರಲು ಹೋದಳು. ನಾನೂ ಸುಧೀರನೂ ಅವಳನ್ನು ನೆಲಕ್ಕೆ ಒತ್ತಿ ಹಿಡಿದೆವು. ಅವಳ ಉಗುರು ನನ್ನ ತೋಳಿಗೆ ಇಳಿದಿತ್ತು. ರಕ್ಷಣಾ ದಳದ ದೋಣಿಯವರು ಬಂದು ಇಬ್ಬರನ್ನೂ ಬಿಡಿಸಿ ತಂದರು. ಅಡುಗೆಮನೆ ಹೋಯಿತು, ಜೇನುಪೆಟ್ಟಿಗೆಗಳು ಹೋದವು.

ಮತ್ತೆ ಒಂದು ಮಾತು. ಅಷ್ಟೆಲ್ಲದರ ನಡುವೆ ನನ್ನ ಕಣ್ಣು ಅಳತೆ ಮಾಡಿತ್ತು. ಈ ನೀರು ಆ ಹಳೆಯ ಗುರುತಿನ ಹತ್ತಿರವೂ ಬಂದಿರಲಿಲ್ಲ.

ಆಸ್ಟಿನ್ನಿನ ಆಸ್ಪತ್ರೆಯಲ್ಲಿ ಅಂಕಲ್ ಮೊದಲು ಆಡಿದ ಮಾತು: "ತಪ್ಪು ನಂದವಾ. ಆ ಕೂಸನ್ನ ನೀರಿನ ಹತ್ರ ನಾ ಕರಕೊಂಡು ಹೋದೆ." ನನ್ನ ಮುಖ ನೋಡಿ, ಸಮಾಧಾನ ಹೇಳುವವರಂತೆ ಸೇರಿಸಿದರು: "ನೀ ಯಾಕ ಅಳ್ತಿ? ನೀ ನೀರಿನ ಕೆಲಸದಾಕಿ. ನಿನಗ ತಿಳೀಲಿಲ್ಲಂದ್ರ ಯಾರಿಗೆ ತಿಳೀತಿತ್ತು?"

ಅವರ ಹೊದಿಕೆ ಸರಿಪಡಿಸಿ ಹೊರಗೆ ಬಂದೆ.

ಅವರ ಕಾಲು ಸರಿಹೋಗಲಿಲ್ಲ. ಮಗ ಸೌತ್‌ಲೇಕ್‌ಗೆ ಕರೆದುಕೊಂಡು ಹೋದ. ತಾರಾ ಬಾತ್‌ಟಬ್ಬಿಗೆ ಇಳಿಯಲೊಲ್ಲಳು ಎಂದು ಕೇಳಿದೆ. ನೆಲ ಬಿಟ್ಟೆವು, ಚದುರಿದೆವು. ಹಬ್ಬದ ಊಟಗಳಲ್ಲಿ ಜನ ಮಾತಾಡಿಕೊಂಡರು: "ಹೇಳೋರು ಕೇಳೋರು ಇಲ್ದೆ ಊರು ಕಟ್ಟೋಕೆ ಹೋದ್ರೆ ಹೀಗೇ. ಆ ಅಂಕಲ್‌ದು ಹುಚ್ಚು." ನಾನು ತಟ್ಟೆ ಹಿಡಿದು ಕೇಳಿಸಿಕೊಂಡೆ. ಕೆಟ್ಟದ್ದು ಅವರ ದಾರಿಯಲ್ಲ, ಅದರೊಳಗೆ ಬಂದ ನನ್ನ ಒಂದು ಸುಳ್ಳು — ಇದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಹಾಗೆಯೇ ಸತ್ತುಹೋಗುತ್ತಿದ್ದೆನೇನೋ. ಕಳೆದ ತಿಂಗಳು ಆಶಾ ಫೋನ್ ಮಾಡಿದಳು. ದನಿಯಲ್ಲಿ ಹಳೆಯ ಉತ್ಸಾಹ. "ಅಕ್ಕಾ, ಮತ್ತೆ ಜಾಗ ನೋಡ್ತಿದ್ದೀವಿ. ಆದ್ರೆ ಈ ಸಲ ಆ ಜೇನುಹುಳದ ಕಥೆ ಬೇಡ. ಒಬ್ರು ಲೀಡರ್ ಇರ್ಲಿ. ಎಲ್ರೂ ನಿಮ್ಮ ಹೆಸರೇ ಹೇಳಿದ್ರು. ಮನೆಗಳನ್ನ ದಿಬ್ಬಕ್ಕೆ ಸರಿಸಿ ಉಳಿಸಿದ್ದು ನೀವೇ ಅಲ್ವಾ? ನೀವು ಹೇಳಿದ್ದೇ ಫೈನಲ್."

ನೀರು ನುಗ್ಗಿ ಬಂದಾಗಲೂ ನಾನು ಅಷ್ಟು ಹೆದರಿರಲಿಲ್ಲ. ಇನ್ನು ಮುಂದೆ ಯಾರೂ ಹೋಗಿ ನೋಡುವುದೂ ಇಲ್ಲ. ನನ್ನ ಮಾತೇ ಸಾಕು ಅವರಿಗೆ. ನನ್ನ ಮಾತು!

ಆಫೀಸಿನ ಕೆಲಸವೆಂದು ಸುಧೀರನಿಗೆ ಹೇಳಿ ಸೌತ್‌ಲೇಕ್‌ಗೆ ಹೋದೆ. ಮಧ್ಯಾಹ್ನ, ಮಗ ಸೊಸೆ ಕೆಲಸಕ್ಕೆ ಹೋಗಿದ್ದರು. ಅಂಕಲ್ ಕಿಟಕಿಯ ಬಳಿ ಕುಳಿತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ — ಕೋಲು, ಚೂರು, ಕಸದ ತೊಟ್ಟಿ. ಅವರು ಸರಿಹೋಗದ ಕಾಲನ್ನು ಎರಡೂ ಕೈಯಿಂದ ಎತ್ತಿ ಸರಿಸಿಟ್ಟರು.

"ಇಷ್ಟ ದಿನ ನಾ ಇಲ್ಲೆ ಕುಂತು ಹುಡುಕಾಕ ಹತ್ತಿದ್ದೆ," ಎಂದರು ಕೊನೆಗೆ. "ಎಲ್ಲಿ ತಪ್ಪಿತು, ಹುಳದಿಂದ ನಾ ಏನು ತಪ್ಪು ಕಲತೆ ಅಂತ." ಕಿಟಕಿಯ ಕಡೆ ತಿರುಗಿದರು. "ನೀ ಈಗ ಹೋಗು."

ಮರುದಿನ ಅವರೇ ಫೋನ್ ಮಾಡಿದರು. ಯಾವಾಗಲಿನಂತೆ ಯವ್ವಾ ಎನ್ನಲಿಲ್ಲ, ತಂಗಿ ಎನ್ನಲಿಲ್ಲ. "ನಾ ಯಾರ ಮುಂದೂ ಹೇಳಂಗಿಲ್ಲ. ಅದು ನಿನ್ನ ಕೆಲಸ. ಎಲ್ಲಾರನ್ನೂ ಒಂದ ಕಡೆ ಕೂಡಿಸಿ ಒಮ್ಮೆ ಹೇಳಿ ಕೈ ತೊಳಕೊಬ್ಯಾಡ. ಒಂದೊಂದ ಮನಿಗೆ ಹೋಗಿ ಹೇಳು."

ಹೌದು. ನಮ್ಮಲ್ಲಿ ಮುಖ್ಯಸ್ಥರಿರಲಿಲ್ಲ. ಹಾಗಾಗಿ ಎಲ್ಲರ ಪರವಾಗಿ ನನ್ನನ್ನು ಶಿಕ್ಷಿಸುವವರಿಲ್ಲ, ಕ್ಷಮಿಸುವವರೂ ಇಲ್ಲ. ಎಷ್ಟು ಬಾಗಿಲುಗಳಿದ್ದವೋ ಅಷ್ಟನ್ನೂ ತಟ್ಟಬೇಕು.

ಇವತ್ತು ಆಶಾಳ ಮನೆಗೆ ಹೋದೆ. ಒಲೆಯ ಮೇಲೆ ಚಹಾ ಇಟ್ಟು ಬಂದು ಎದುರು ಕುಳಿತಳು. ನಾನು ಹೇಳುತ್ತ ಹೋದೆ. ಚಹಾ ಉಕ್ಕಿ ಒಲೆಗೆ ಸುರಿಯಿತು, ಅವಳು ಏಳಲಿಲ್ಲ. ನೆಲದ ಮೇಲೆ ಚಿತ್ರ ಜೋಡಿಸುತ್ತಿದ್ದ ತಾರಾ ತಲೆಯೆತ್ತಿ, "ಮಮ್ಮೀ, ಶೀ ನ್ಯೂ? ಆಂಟಿಗೆ ಗೊತ್ತಿತ್ತಾ?" ಎಂದಳು. ಆಶಾ ನನ್ನನ್ನೇ ನೋಡಿದಳು.

"ಹೌದು ಪುಟ್ಟಾ," ಎಂದೆ. "ನನಗೆ ಗೊತ್ತಿತ್ತು."

ಹುಡುಗಿ ಎದ್ದು ಅಮ್ಮನ ಬೆನ್ನ ಹಿಂದೆ ಹೋಗಿ ನಿಂತಳು. ಆಶಾ ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಅಲ್ಲಿ ಇನ್ನಷ್ಟು ಹೊತ್ತು ಕೂರಬಹುದಿತ್ತು. ನಾನೇ ಎದ್ದು ಬಂದೆ. ಹಿಂದಿನಿಂದ ಬೀಗ ಬಿದ್ದ ಸದ್ದು ಕೇಳಿಸಿತು.

ಅವಳ ಅಪಾರ್ಟ್‌ಮೆಂಟಿನ ಕೆಳಗೆ ಕಾರಿನಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಇನ್ನೂ ಮನೆಗಳಿವೆ. ಎಲ್ಲಕ್ಕೂ ಮೊದಲು ತಟ್ಟಬೇಕಾಗಿದ್ದ, ಇನ್ನೂ ತಟ್ಟದಿರುವ ಬಾಗಿಲು ನನ್ನದೇ ಮನೆಯದು.

ಈಗಷ್ಟೇ ಸುಧೀರ್ ಫೋನ್ ಮಾಡಿದ. "ಎಲ್ಲಿದ್ದೀಯ? ಊಟಕ್ಕೆ ಕಾಯ್ಲಾ?"

"ಕಾಯಿ," ಎಂದೆ. "ನಿನ್ನ ಹತ್ರ ಒಂದು ವಿಷಯ ಹೇಳೋದಿದೆ."