ಹಂಡೆಯ ಕೆಳಗೆ ಹೋದ ಸೀರೆ

ಸೇವೆ ಎಂಬ ಮಾತು ಕೇಳಿದರೆ ಈಗ ನನಗೆ ಮೈಯೆಲ್ಲ ಉರಿಯುತ್ತದೆ. ಹನ್ನೊಂದು ವರ್ಷ ಅದೇ ಮಾತನ್ನು ನಾನೂ ಬಾಯಿತುಂಬ ಆಡಿದವಳು. ಹಾಗಾಗಿ ಬೇರೆಯವರಿಗೆ ಬೈಯುವಾಗ ನನ್ನನ್ನೂ ಸೇರಿಸಿಕೊಂಡೇ ಬೈಯುತ್ತೇನೆ.

ತೆಲುಗಿನವರ ಈ ದೊಡ್ಡ ಊರಲ್ಲಿ, ಸುಲ್ತಾನ್ ಬಜಾರಿನ ಹಿಂದಿನ ಓಣಿಯಲ್ಲಿ, ನಮ್ಮ ಕಡೆಯ ಹೆಂಗಸರದೊಂದು ಭಜನಾ ಮಂಡಳಿ ಇದೆ. ನಮ್ಮ ಕಡೆ ಎಂದರೆ ರಾಯಚೂರು, ಕಲಬುರ್ಗಿ, ವಿಜಯಪುರ. ಶ್ರಾವಣದ ಸೋಮವಾರಗಳಲ್ಲಿ ಫುಟ್‌ಪಾತಿನ ಮೇಲೆ ಮಲಗುವವರನ್ನು ಕರೆದು ಊಟ ಹಾಕುತ್ತಿದ್ದೆವು. ಅಡುಗೆಯಲ್ಲಿ ಕುಂದು ಹುಡುಕುವಂತಿರಲಿಲ್ಲ. ಗೋಧಿ ಹುಗ್ಗಿ, ಅನ್ನ, ಸಾರು, ಬದನೆಕಾಯಿ ಪಲ್ಯ. ಆದರೆ ಊಟಕ್ಕೆ ಮೊದಲು ಒಂದು ಕಟ್ಟಳೆ. ದೇವರ ನೈವೇದ್ಯವಾದ್ದರಿಂದ ಪಂಕ್ತಿಗೆ ಕೂರುವವರು ಸ್ನಾನ ಮಾಡಿ ಮಡಿಯಾಗಿರಲೇಬೇಕು. ಹಿತ್ತಲಲ್ಲಿ ದೊಡ್ಡ ಹಂಡೆಯಲ್ಲಿ ನೀರು ಕಾಯಿಸಿ, ಪರದೆ ಕಟ್ಟಿ, ಮೈ ತೊಳೆಸಿ, ಹೊಸ ಬಟ್ಟೆ ಕೊಟ್ಟು ಕೂರಿಸುತ್ತಿದ್ದೆವು. ಹಳೆಯ ಬಟ್ಟೆ ಹಂಡೆಯ ಕೆಳಗಿನ ಒಲೆಗೆ ಹೋಗುತ್ತಿತ್ತು.

"ತಿರುಗಿ ಕೊಟ್ರ ಮತ್ತ ಅದನ್ನ ಉಟ್ಕೊಂಡು ಹೊಸಾದನ್ನ ಮಾರಿಬಿಡ್ತಾರ," ಎನ್ನುತ್ತಿದ್ದರು ನಮ್ಮ ಅಧ್ಯಕ್ಷೆ. ನಾವೆಲ್ಲ ಹೌದು ಹೌದು ಎಂದು ತಲೆಯಾಡಿಸುತ್ತಿದ್ದೆವು. ಮೈಮೇಲಿನ ಬಟ್ಟೆಯನ್ನು ಸುಡುವ ಮೊದಲು ಅದನ್ನು ಉಟ್ಟವರನ್ನು ಒಂದು ಮಾತು ಕೇಳಬೇಕೆಂದು ಒಬ್ಬಳಿಗಾದರೂ ಹೊಳೆಯಬಾರದೆ? ಒಲೆಯ ಮುಂದೆ ಕೂರುವ ಕೆಲಸ ನನ್ನದಾಗಿತ್ತು.

ಹೋದ ಶ್ರಾವಣದ ಎರಡನೆಯ ಸೋಮವಾರ ದೇವದುರ್ಗದ ಕಡೆಯ ಮುದುಕಿಯೊಬ್ಬಳು ಬಂದಳು. ಬಟ್ಟೆ ಅಂಗಡಿಯೊಂದರ ಮೆಟ್ಟಿಲ ಮೇಲೆ ಮಲಗುವವಳು. ಕನ್ನಡ ಕಿವಿಗೆ ಬಿದ್ದದ್ದೇ ಅವಳ ಮುಖ ಅರಳಿತು. ಸ್ನಾನಕ್ಕೆ ಹೋಗುವಾಗ, "ಸೀರಿ ಇಲ್ಲೇ ಇಟ್ಟಿರ್ರಿ, ನಾನ ಒಗಕೋತೀನಿ," ಎಂದು ಹೇಳಿದ್ದು ನನಗೂ ಕೇಳಿಸಿತು. ಪರದೆಯ ಆಚೆಯಿಂದ ಸೀರೆ ಬಂತು. ಎಂದಿನ ಹಾಗೆ ಕೋಲಿನಿಂದ ಒಲೆಗೆ ತಳ್ಳಿದೆ.

ಹೊಸ ಸೀರೆಯನ್ನು ಅರ್ಧಂಬರ್ಧ ಸುತ್ತಿಕೊಂಡು ಹೊರಗೆ ಬಂದವಳು ಸುತ್ತಮುತ್ತ ನೋಡಿದಳು. "ಅಕ್ಕಾರ, ನನ್ನ ಸೀರಿ ಎಲ್ಲೈತ್ರಿ?"

ನಾನು ಒಲೆಯ ಕಡೆ ನೋಡಿದೆ. ಅವಳೂ ನೋಡಿದಳು.

"ಯವ್ವಾ! ಸೆರಗಿನ ಗಂಟಿನಾಗ ನನ್ನ ಮಗಳ ನಂಬರ್ ಇತ್ತಲ್ರಿ!"

ಕೋಲು ಹಾಕಿ ಎಳೆದೆ, ಕೈಯನ್ನೂ ಸುಟ್ಟುಕೊಂಡೆ. ಬಂದದ್ದು ಕರಕಲು. ಅವಳು ಅದನ್ನು ನೆಲದ ಮೇಲೆ ಹರಡಿ ಹುಡುಕಿಯೇ ಹುಡುಕಿದಳು.

ಅಳುತ್ತಳುತ್ತಲೇ ಅವಳು ಹೇಳಿದ್ದು ಇಷ್ಟು. ಮಗಳೂ ಅಳಿಯನೂ ಊರಂಚಿನ ಮಣಿಕೊಂಡದ ಕಡೆ ಕಟ್ಟಡ ಕೆಲಸದವರು, ಒಂದು ಕಟ್ಟಡ ಮುಗಿದರೆ ಇನ್ನೊಂದಕ್ಕೆ ಹೋಗುವವರು. ಅಳಿಯ ಅತ್ತೆಯನ್ನು ಶೆಡ್ಡಿಗೆ ಸೇರಿಸುವುದಿಲ್ಲ. ಮಗಳೀಗ ಎಂಟು ತಿಂಗಳ ಬಸುರಿ. ಬಾಣಂತನಕ್ಕೆ ಮಾತ್ರ ಬರಲಿ ಎಂದು ಅವನು ಒಪ್ಪಿದ್ದ. ಯಾವ ಶೆಡ್ಡಿಗೆ ಬರಬೇಕೆಂದು ಮಗಳು ಮುಂದಿನ ಭಾನುವಾರ ಫೋನಿನಲ್ಲಿ ಹೇಳುವವಳಿದ್ದಳು. ಮುದುಕಿಯ ಬಳಿ ಫೋನಿಲ್ಲ. ರಟ್ಟಿನ ಚೂರಿನ ಮೇಲೆ ಬರೆಸಿಕೊಂಡ ನಂಬರನ್ನು ದಾರಿಯಲ್ಲಿ ಹೋಗುವ ಯಾರಿಗಾದರೂ ತೋರಿಸಿ, ಅವರ ಫೋನಿನಿಂದ ಮಾತಾಡುತ್ತಿದ್ದಳು. ಊರಲ್ಲಿ ಕೇಳೋಣವೆಂದರೆ ಯಾರೂ ಉಳಿದಿಲ್ಲ. ತಾನು ಮೆಟ್ಟಿಲ ಮೇಲೆ ಮಲಗುವುದನ್ನು ಮಗಳಿಗೆ ತಿಳಿಸಿರಲಿಲ್ಲ, ಯಾರದೋ ಮನೆಯಲ್ಲಿ ಕೆಲಸಕ್ಕಿದ್ದೇನೆ ಎಂದಿದ್ದಳು.

ಅಧ್ಯಕ್ಷೆ ಬಂದರು. "ಆಗಿದ್ದಾತು, ಅಳಬ್ಯಾಡ. ಹೊಸಾ ಸೀರಿ ಉಟ್ಟೀದಿ, ಹೊಟ್ಟಿತುಂಬ ಪ್ರಸಾದ ತಗೋ. ದೇವ್ರು ಎಲ್ಲಾ ಸರಿ ಮಾಡ್ತಾನ." ಆ ಹೊತ್ತಿಗೆ ನನಗೆ ಬಂದ ಸಿಟ್ಟನ್ನು ಹೇಗೆ ನುಂಗಿಕೊಂಡೆನೋ ಗೊತ್ತಿಲ್ಲ. ದೇವರಂತೆ ದೇವರು! ಒಲೆಗೆ ಹಾಕಿದವರು ನಾವು, ಸರಿ ಮಾಡುವವನು ಅವನು! ಮುದುಕಿ ಎಲೆಯ ಮುಂದೆ ಕೂರಲಿಲ್ಲ.

ಮೂರು ಭಾನುವಾರ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಮಣಿಕೊಂಡ ತಿರುಗಿದೆ. ಅವಳಿಗೆ ಗೊತ್ತಿದ್ದದ್ದು ಒಂದೇ ಗುರುತು, ನೀಲಿ ತಗಡಿನ ಶೆಡ್ಡು. ಅಲ್ಲಿ ನೋಡಿದರೆ ಶೆಡ್ಡುಗಳೆಲ್ಲ ನೀಲಿ ತಗಡಿನವೇ. ಗೇಟಿನಿಂದ ಗೇಟಿಗೆ ಹೋಗಿ, ಮಗಳ, ಅಳಿಯನ ಹೆಸರು ಹೇಳಿ, ರಾಯಚೂರಿನ ಬಸುರಿ ಹೆಂಗಸೊಬ್ಬಳಿದ್ದಾಳೆಯೇ ಎಂದು ವಿಚಾರಿಸಿದೆವು. ಕೊನೆಗೊಬ್ಬ ವಾಚ್‌ಮನ್, "ರಾಯಚೂರ್ ಬ್ಯಾಚಾ? ವಾಳ್ಳು ವೆಳ್ಳಿಪೋಯಾರಮ್ಮಾ," ಎಂದ. ಹೋಗಿಬಿಟ್ಟರಂತೆ. ಎಲ್ಲಿಗೆಂದು ಅವನಿಗೂ ಗೊತ್ತಿರಲಿಲ್ಲ.

ಮಂಡಳಿಯ ಸಭೆಯಲ್ಲಿ ಇದನ್ನೆಲ್ಲ ಹೇಳಿದೆ. ಒಲೆಗೆ ಹಾಕುವ ಮೊದಲು ಇನ್ನು ಮುಂದೆ ಸೆರಗು, ಕಿಸೆ ನೋಡತಕ್ಕದ್ದು ಎಂದು ಠರಾವು ಬರೆದು ಕೈತೊಳೆದುಕೊಂಡರು. ಸ್ನಾನದ ಕಟ್ಟಳೆಯನ್ನೇ ಬಿಡೋಣ, ಹಸಿದವರು ಬಂದ ಹಾಗೆ ಬಂದು ಉಣ್ಣಲಿ ಎಂದೆ.

"ಮಡಿ ಬಿಡಲಿಕ್ಕೆ ಆಗ್ತದೇನ್ರಿ ವೈನಿ? ನೀವು ಭಾಳ ಮನಸ್ಸಿಗೆ ಹಚ್ಕೋಬ್ಯಾಡ್ರಿ. ಒಳ್ಳೆ ಕೆಲಸದಾಗ ಸಣ್ಣಪುಟ್ಟ ತಪ್ಪು ಆಗೇ ಆಗ್ತಾವ," ಎಂದರು ಅಧ್ಯಕ್ಷೆ.

"ಸಣ್ಣಪುಟ್ಟ? ಹಾಕ್ರಿ ನಿಮ್ಮ ಮಡಿಗಿಷ್ಟು ಬೆಂಕಿ!" ಎಂದು ಎದ್ದು ಬಂದೆ. ಮತ್ತೆ ಆ ಕಡೆ ಕಾಲಿಟ್ಟಿಲ್ಲ. ನಾಲ್ಕು ಮಂದಿಯಲ್ಲಿ ಹಾಗೆ ಅನ್ನಬಾರದಿತ್ತು ಎಂದು ಮನೆಯವರು ಗೊಣಗಿದರು. ಇನ್ನೂ ಎರಡು ಮಾತು ಅನ್ನಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಈಗ ಸೋಮವಾರ ನಾನೊಬ್ಬಳೇ ರೊಟ್ಟಿ, ಪಲ್ಯ ಕಟ್ಟಿಕೊಂಡು ಆ ಮೆಟ್ಟಿಲ ಬಳಿಗೆ ಹೋಗುತ್ತೇನೆ. ಮುದುಕಿ ಜರುಗಿ ಜಾಗ ಕೊಡುತ್ತಾಳೆ. ಒಮ್ಮೆಯೂ ನನಗೆ ಒಂದು ಕೆಟ್ಟ ಮಾತು ಆಡಿಲ್ಲ. ಅದನ್ನೇ ತಡೆಯಲಾಗದೆ ಒಂದು ದಿನ, "ಆಯಿ, ನನಗ ಬೈಯೋದಿದ್ರ ಬೈದುಬಿಡು," ಎಂದೆ.

"ನಿಮಗ ಬೈದ್ರ ನಂಬರ್ ಬರ್ತೈತೇನ್ರಿ?" ಎಂದಳು. ರೊಟ್ಟಿ ಮುರಿದವಳು ಬಾಯಿಗೆ ಇಡದೆ ಹಾಗೇ ಹಿಡಿದಿದ್ದಳು. "ಇಷ್ಟೊತ್ತಿಗೆ ಆಕಿ ಹಡದಿರಬೇಕು ಅಕ್ಕಾರ. ಬಾಣಂತನ ಮಾಡಬೇಕಾಗ್ತೈತಿ ಅಂತ ಅವ್ವ ಫೋನ್ ಮಾಡೋದ ಬಿಟ್ಲು ಅಂತ ತಿಳ್ಕೊಂಡಿರ್ತಾಳ್ರಿ."